ಕೂಸಿನ ಕೌದಿ

ಹೋದ ವಾರ ನಮ್ಮ ಮಾಳಗಿ ಮ್ಯಾಲಿನ ಹಗ್ಗಕ್ಕ ಒಂದು ಸಣ್ಣ ಕೌದಿ ಒಣಗಾಕ ಹಾಕಿದ್ದೆ. ಅದನ್ನ ನೋಡಿ ಮಗ್ಗಲ ಮನಿ ವೈನಿ ಕೇಳಿದ್ರು, ಹಿಂದಿನ ಓಣಿ ಟೀಚರಬಾಯಿ ಕೇಳಿದ್ರು. ಮಗಳು ಕಳಿಸಿದ ಫೋಟೋ ನೋಡಿ ಬೆಳಗಾವಿಯಿಂದ ನನ್ನ ತಂಗಿ ಫೋನ್ ಮಾಡಿದ್ಲು. "ಅಕ್ಕಾ, ಕೂಸಿನ ಕೌದಿ ಹೆಂಗ ಹೊಲಿದಿ? ನಂಗೂ ಹೇಳಿಕೊಡು, ನಮ್ಮ ಸೊಸಿನೂ ಹೊಟ್ಟಿಲೆ ಅದಾಳ" ಅಂದ್ಲು. ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಹೇಳೂಕಿಂತ ಇಲ್ಲೇ ಬರದು ಬಿಡೂಣು ಅಂತ ಕುಂತೀನಿ.

ಆದ್ರ ಒಂದು ಮಾತು. ಈ ಕೌದಿ ಒಂದು ಗಜ ಅಗಲ ಅಷ್ಟ ಐತಿ, ಹೊಲಿಯಾಕ ಮಾತ್ರ ನಾಕು ವರ್ಷ ಹಿಡಿದೈತಿ. ಬರೇ ಅಳತಿ, ಅರಬಿ, ದಾರ ಹೇಳಿದ್ರ ಅರ್ಧಾ ಹೇಳಿಧಂಗ ಆಗತೈತಿ. ಉಳಿದ ಅರ್ಧಾನೂ ಬರಿ ಅಂತ ಮಗಳೇ ಹೇಳ್ಯಾಳ. ಅದಕ್ಕ ಬರಿಯಾಕತ್ತೀನಿ.

ಖರೇ ಹೇಳಬೇಕಂದ್ರ ಈ ಸಲ ನಾ ಮೊದಲು ಕೌದಿಗೆ ಕೈ ಹಚ್ಚಲೇ ಇಲ್ಲ. ಮಗಳು ಮತ್ತ ಹೊಟ್ಟಿಲೆ ಅದಾಳ ಅಂತ ಗೊತ್ತಾದ ಮ್ಯಾಲ ಪ್ಯಾಟಿಗೆ ಹೋಗಿ, ಕೂಸಿಗೆ ಅಂತ ಮಾರೂ ಮೆತ್ತನ್ನ ಉಲ್ಲನ್, ಅರಿಷಿಣ ಬಣ್ಣದ್ದು, 6 ಉಂಡಿ ತಗೊಂಡು ಬಂದೆ. ವೈನಿ ಸ್ವೆಟರ್ ಹೆಣಿಯೂದ್ರಾಗ ಎತ್ತಿದ ಕೈ. ತಮ್ಮ ಹಳೇ ಕಡ್ಡಿ ಕೊಟ್ಟು, 100 ಕುಣಿಕಿ ಏರಿಸಿ, "ಅಕ್ಕಾರ, ಎಲ್ಲಾ ಸಾಲೂ ಸೀದಾನ ಹೆಣೀರಿ, ಉಲ್ಟಾ ಹೆಣಿಗಿ ಸದ್ಯಕ್ಕ ಬ್ಯಾಡ. ಹಿಂಗ ಹೆಣದ್ರ ಎರಡೂ ಮಗ್ಗಲ ಒಂದ ಥರ ಕಾಣತೈತಿ, ಅಂಚೂ ಸುರುಳಿ ಸುತ್ತೂದಿಲ್ಲ" ಅಂತ ತೋರಿಸಿಕೊಟ್ರು. ಕೇಳಾಕ ಎಷ್ಟು ಸಸಾರ! ಹದಿನೈದು ದಿನ ಹೆಣದು ಎಣಿಸಿ ನೋಡತೀನಿ, 100 ಇದ್ದ ಕುಣಿಕಿ 117 ಆಗಿದ್ದುವು. ನಾ ಕಾಣದಂಗ ದಾರ ಕಡ್ಡಿ ಮ್ಯಾಲಿಂದ ಹಾದು ಹೊಸಾ ಕುಣಿಕಿ ಹುಟ್ಟಿಸಿಕೋತ ಹೊಂಟಿತ್ತು, ಹುಟ್ಟಿದಲ್ಲೆಲ್ಲಾ ಒಂದೊಂದು ತೂತು. ಹೊದಿಕಿ ಕೆಳಗ ಸಣ್ಣದು, ಮ್ಯಾಲ ಅಗಲ. ನಮ್ಮ ಮನಿಯವರು ಚಷ್ಮಾ ಏರಿಸಿ ನೋಡಿ, "ಇದು ಕೂಸಿಗೋ, ಮೀನ ಹಿಡ್ಯಾಕೋ?" ಅಂದ್ರು.

ವೈನಿ ನಗಲಿಲ್ಲ. "ಕೂಸಿನ ಹೊದಿಕಿಗೆ ತೂತು ಇರಬಾರದ್ರಿ. ಸಣ್ಣ ಬಟ್ಟು ಅದರಾಗ ಸಿಕ್ಕಿಬೀಳತಾವ" ಅಂತ ಹೇಳಿ ಎಲ್ಲಾ ಬಿಚ್ಚಿಸಿದ್ರು. ಹಿಂಗ ಮೂರು ಸಲ ಹೆಣದೆ, ಮೂರು ಸಲ ಬಿಚ್ಚಿದೆ. ಕಡೀಕ ಅವರು ಕೇಳೇಬಿಟ್ರು, "ಅಲ್ರಿ ಅಕ್ಕಾರ, ಈ ಓಣ್ಯಾಗ ನಿಮ್ಮಷ್ಟು ಸಣ್ಣ ಹೊಲಿಗಿ ಹಾಕಿ ಕೌದಿ ಹೊಲಿಯಾವರು ಇನ್ನೊಬ್ಬರಿಲ್ಲ. ನಿಮಗ್ಯಾಕ ಬೇಕಾಗಿತ್ತು ಈ ಉಲ್ಲನ್?"

"ಹೊಸಾದು ಏನರ ಕಲೀಬೇಕು ಅನಿಸಿತ್ರಿ" ಅಂದೆ. ಸುಳ್ಳು ಹೇಳಿದ್ದೆ.

ನಮ್ಮ ಖೋಲ್ಯಾಗ ಮಂಚದ ಕೆಳಗ ಒಂದು ತಗಡಿನ ಟ್ರಂಕು ಐತಿ. ಅದರ ತಳದಾಗ, ಬೇವಿನ ಎಲಿ ಹಾಕಿ ಮಡಚಿ ಇಟ್ಟ ಒಂದು ಅರಧಾ ಕೌದಿ ಇತ್ತು. 2019ರಿಂದ ನಾ ಅದನ್ನ ಮುಟ್ಟಿರಲಿಲ್ಲ.

ಆ ವರ್ಷ ಮಗಳು ಮೊದಲ ಸಲ ಹೊಟ್ಟಿಲೆ ಇದ್ಲು. ಪುಣೆದಾಗ ಅಕಿ ಸಂಸಾರ. ಏಳನೇ ತಿಂಗಳಾಗ ನಾವೆಲ್ಲಾ ಅಲ್ಲೇ ಹೋಗಿ ಕುಬಸ ಮಾಡಿ, ಹಸರ ಸೀರಿ ಉಡಿಸಿ, ಕೈ ತುಂಬ ಹಸರ ಬಳಿ ಇಡಿಸಿ ಬಂದಿದ್ವಿ. ಒಂಬತ್ತು ಹತ್ತಿದ ಕೂಡಲೇ ತವರಿಗೆ ಕರಕೊಂಡು ಬರೂದು ಅಂತ ಠರಾವು ಆಗಿತ್ತು. ಧಾರವಾಡಕ್ಕ ಬಂದ ಮರುದಿನಾನ ನಾ ಸೀರಿ ಗಂಟು ಬಿಚ್ಚಿಕೊಂಡು ಕುಂತೆ.

ಈಗ ಬರಕೋರಿ, ಅರಬಿ ವಿಚಾರ ಹೇಳತೀನಿ. ಕೂಸಿನ ಕೌದಿಗೆ ಹೊಸಾ ಅರಬಿ ಬ್ಯಾಡ. ಹತ್ತು ಹದಿನೈದು ವರ್ಷ ಉಟ್ಟು ಒಗದು ಮೆತ್ತಗಾದ ನೂಲಿನ ಸೀರಿ ಬೇಕು. ಹೊಸಾದು ಬಿರುಸು ಇರತೈತಿ, ಒಗದ ಮ್ಯಾಲ ಕುಗ್ಗತೈತಿ, ಬಣ್ಣಾನೂ ಬಿಡಬಹುದು. ಹಳೇ ಸೀರಿ ಮಾಡೂದೆಲ್ಲಾ ಆವಾಗ ಮಾಡಿ ಮುಗಿಸಿರತೈತಿ. ಇಳಕಲ್ ಸೀರಿ ಇದ್ರ ಒಡಲಿನ ಅರಬಿ ಮಾತ್ರ ತಗೋರಿ, ರೇಷ್ಮಿ ಸೆರಗು ಬಿಡ್ರಿ, ಅದು ಜಾರತೈತಿ. ಜರಿ, ಕನ್ನಡಿ, ಮಣಿ, ಗುಂಡಿ ಇರೂ ಅರಬಿ ಕೂಸಿನ ಹತ್ರ ಬರಬಾರದು. ಸೂಜಿ ಹಾಕೂಕಿಂತ ಮೊದಲ ಎಲ್ಲಾ ಅರಬಿ ಒಂದು ಸಲ ಒಗದು ಬಿಸಿಲಿಗೆ ಹಾಕ್ರಿ. ಬೆಳಕಿಗೆ ಹಿಡಿದು ನೋಡ್ರಿ. ಬೆಳಕು ಝಿಲ್ಲಂತ ಹಾಯ್ತಿದ್ರ ಆ ತುಂಡು ಜೀರ್ಣ ಆಗೈತಿ, ಮ್ಯಾಲ ಹಾಕಿದ್ರ ವರ್ಷದಾಗ ಹರಿತೈತಿ. ಅದನ್ನ ಒಳಪದರಕ್ಕ ಹಾಕ್ರಿ.

ಅಳತಿ ನಮ್ಮ ಆಯಿದ್ದು: ಒಂದು ಗಜ ಅಗಲ, ಒಂದು ಗಜದ ಮ್ಯಾಲ ಒಂದು ಗೇಣು ಉದ್ದ. ಅಂದ್ರ 36 ಇಂಚು, 45 ಇಂಚು. ದೊಡ್ಡವರ ಕೌದಿಗೆ ಐದು ಪದರ, ಏಳು ಪದರ ಹಾಕತಾರ. ಕೂಸಿಗೆ ಮೂರು ಸಾಕು. ನಾ ಕೆಳಗ ನಮ್ಮಪ್ಪನ ಧೋತರ ಹಾಸಿದೆ, ನಡುವ ನನ್ನ ಹಳೇ ಸೀರಿ, ಮ್ಯಾಲ ತುಂಡು ತುಂಡು ಜೋಡಿಸಿದ್ದು: ನಮ್ಮವ್ವನ ಗೋಮಿ ದಡಿ ಇಳಕಲ್ ಸೀರಿ ಒಡಲು, ನಮ್ಮತ್ತಿಯ ಚೌಕಳಿ ಸೀರಿ, ಮಗಳು ಸಾಲಿಗೆ ಹೋಗುವಾಗ ಹಾಕ್ಕೊಂತಿದ್ದ ಒಂದು ಹೂವಿನ ಲಂಗ. ಅವಾಗೆಲ್ಲಾ ವಿಡಿಯೋ ಕಾಲ್ ಮಾಡಿ ಒಂದೊಂದು ತುಂಡೂ ಮಗಳಿಗೆ ತೋರಸ್ತಿದ್ದೆ. ಲಂಗದ ತುಂಡು ನೋಡಿ ಅಕಿ ಎಷ್ಟು ನಕ್ಕಿದ್ಲು!

ಇನ್ನ ಹೊಲಿಗಿ. ಕೌದಿ ಹೊಲಿಗಿ ನಡುವಿನಿಂದ ಸುರು ಆಗೂದಿಲ್ಲ, ಅಂಚಿನಿಂದ ಸುರು ಆಗತೈತಿ. ಒಂದು ಮೂಲಿ ಹಿಡಿದು ಹೊಂಟು ನಾಕೂ ಕಡೆ ಸುತ್ತಿ ಬರೂದು, ಒಂದು ಬೆರಳು ಒಳಗ ಸರಿಯೂದು, ಮತ್ತ ಸುತ್ತೂದು. ಸುತ್ತಿಕೋತ ಹೋಧಂಗ ತುಂಡು ಇಟಗೋತ ಹೋಗೂದು. ದಾರ ದಪ್ಪ ನೂಲಿಂದು ಇರಲಿ, ಗಂಟು ಪದರದ ಒಳಗ ಹೋಗಲಿ, ಇಲ್ಲಂದ್ರ ಕೂಸಿನ ಬೆನ್ನಿಗೆ ಒತ್ತತೈತಿ. ಭಾಳ ಎಳೀಬ್ಯಾಡ್ರಿ, ಎಳದ್ರ ಕೌದಿ ನಡು ಉಬ್ಬಿ ಟೋಪಿಗಿ ಆಗತೈತಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಹೆಣ್ಣಮಕ್ಕಳೂ ಹಿಂಗ ಅಂಚಿನಿಂದ ಒಳಗ ಸುತ್ತಿಕೋತ ಹೊಲಿತಾರ. ಅವರು ಅದಕ್ಕ ಕವಂದಿ ಅಂತಾರ. ನಾಕೂ ಮೂಲಿಗೆ ಅರಬಿ ಮಡಚಿ ಮೂರು ಮೂಲಿ ಮಾಡಿ ಹೂವು ಇಡತಾರ, ಭಾಳ ಚಂದ ಕಾಣತೈತಿ.

ಹಿಂಗ ಸುತ್ತಿಕೋತ ಬಂದ್ರ ಕಡೀಕ ನಟ್ಟನಡುವ ಒಂದು ಅಂಗೈಯಷ್ಟು ಜಾಗಾ ಉಳಿತೈತಿ. ನಮ್ಮ ಆಯಿ ಅದಕ್ಕ ಕೌದಿ ಹೊಟ್ಟಿ ಅಂತಿದ್ಲು. ಕಡೇ ತುಂಡು ಮುಚ್ಚೂಕಿಂತ ಮೊದಲ ಅದರಾಗ ಐದು ಕಾಳು ಅಕ್ಕಿ ಹಾಕತಿದ್ಲು. "ಹೊಟ್ಟಿ ಬರೇದು ಇಟ್ಟು ಮುಚ್ಚಬಾರದು. ಹೊಚಗೊಂಡವರ ಹೊಟ್ಟೀನೂ ತುಂಬಿರಬೇಕು" ಅನ್ನತಿದ್ಲು.

ನನ್ನ ಕೌದಿ ಆ ಹೊಟ್ಟಿ ತನಕ ಬಂದು ನಿಂತಿತ್ತು. ಒಂದು ಮಂಗಳವಾರ ಸಂಜೀಕ ಮಗಳ ಫೋನ್ ಬಂತು. "ಅವ್ವಾ, ಎರಡು ದಿನದಿಂದ ತಲಿ ಸಿಡ್ಯಾಕತ್ತೈತಿ. ಮಾರಿ ಬಾತೈತಿ, ಉಂಗುರ ತಗಿಯಾಕ ಬರವಲ್ದು" ಅಂದ್ಲು.

ನಾ ಏನಂದೆ ಗೊತ್ತೈತೇನ್ರಿ? "ಬಸರಿ ಅಂದ ಮ್ಯಾಲ ಇದೆಲ್ಲಾ ಇದ್ದದ್ದ. ನಿನ್ನ ಹೊತ್ತಾಗ ನನ್ನ ಕಾಲೂ ಬಾತಿದ್ದುವು. ಒಣಶುಂಠಿ ತೇದು ಹಣಿಗೆ ಹಚ್ಚಿಕೊಂಡು ಮಲಕೋ" ಅಂದೆ. ಫೋನ್ ಇಟ್ಟು ಸೂಜಿ ತಗೊಂಡೆ. ಅವತ್ತ ಹೊಲಿಗಿ ಭಾಳ ಛಲೋ ಬಿದ್ದುವು, ಒಂದ ಸಮ, ಅಕ್ಕಿ ಕಾಳಿನಷ್ಟ. ಈಗೂ ಆ ಸಾಲು ಯಾವುದಂತ ನಾ ಬಟ್ಟು ಇಟ್ಟು ತೋರಸ್ತೀನಿ.

ಗುರುವಾರ ಮುಂಜಾನೆ ಕೂಸು ಅಲಗಾಡವಲ್ದು ಅಂತ ದವಾಖಾನಿಗೆ ಹೋದ್ರು. ಬಿ.ಪಿ. ಭಾಳ ಏರಿತ್ತು. ಕೂಸಿನ ಎದಿಬಡಿತ ನಿಂತಿತ್ತು. ನಾ ರಾತ್ರಿ ಬಸ್ಸಿಗೆ ಹೊಂಟು ಮುಟ್ಟೂದ್ರಾಗ ಮಗಳು ಹಡದಿದ್ಲು. ಕೂಸು ಅಳಲಿಲ್ಲ.

ದೊಡ್ಡವರೆಲ್ಲಾ ಅಂದ್ರು, ತಾಯಿಗೆ ತೋರಿಸಬ್ಯಾಡ್ರಿ, ಮಾರಿ ನೋಡಿದ್ರ ಜಲ್ಮದಾಗ ಮರಿಯಾಕ ಆಗೂದಿಲ್ಲ. ನಾನೂ ಹೂಂ ಅಂದೆ. ಅಕಿ ಇನ್ನೂ ಔಷಧದ ಮಂಪರಿನ್ಯಾಗ ಇದ್ಲು. ನಾ ಮಾತ್ರ ನೋಡಿದೆ. ಆಮ್ಯಾಲ ಅಳಿಯಂದ್ರು ಮತ್ತ ಅವರಪ್ಪ ಎತಗೊಂಡು ಹೋದ್ರು.

ಡಾಕ್ಟರಬಾಯಿ ನನ್ನ ಕುಂಡ್ರಿಸಿ ಹೇಳಿದ್ರು. ಬಸರಿ ಹೆಣ್ಣಮಕ್ಕಳಿಗೆ 20 ವಾರ ಆದ ಮ್ಯಾಲ ಹಿಂಗ ಬಿ.ಪಿ. ಏರಬಹುದು. ಕಾಲು ಸ್ವಲ್ಪ ಬಾಯೂದು ಭಾಳ ಮಂದಿಗೆ ಇರತೈತಿ, ಆದ್ರ ಮಾರಿ, ಕೈ ಒಮ್ಮೆಲೆ ಬಾತ್ರ, ತಲಿನೋವು ಇಳೀಲಿಲ್ಲಂದ್ರ, ಕಣ್ಣು ಮಂಜ ಆದ್ರ, ಪಕ್ಕಲಬು ಕೆಳಗ ನೋವು ಬಂದ್ರ ಅವತ್ತ, ಆ ತಾಸಿನ್ಯಾಗ ಬಿ.ಪಿ. ನೋಡಸಬೇಕು. 140/90 ಮುಟ್ಟಿದ್ರ ಮನಿ ಮದ್ದು ನಡಿಯೂದಿಲ್ಲ. ಅವರು ಯಾರನ್ನೂ ಬೈಲಿಲ್ಲ. ಬೈದಿದ್ರ ಛಲೋ ಇತ್ತು ಅಂತ ನಂಗ ಅನಿಸ್ತು.

ಊರಿಗೆ ಬಂದ ಮ್ಯಾಲ ಮಾತಾಡಸಾಕ ಬಂದ ನಮ್ಮ ಚಿಗವ್ವ ಆ ಕೌದಿ ನೋಡಿ, "ಹುಟ್ಟೂಕಿಂತ ಮೊದಲ ಕೌದಿಗೆ ಸೂಜಿ ಹಾಕಬಾರದಾಗಿತ್ತವಾ" ಅಂದ್ಲು. ಆ ಮಾತು ನಂಗ ಚುಚ್ಚಿತು ಅಂತ ಎಲ್ಲಾರೂ ತಿಳಕೊಂಡ್ರು. ಚುಚ್ಚಲಿಲ್ರಿ. ನಾ ಅದನ್ನ ಗಟ್ಟಿ ಹಿಡಕೊಂಡೆ. ಯಾಕಂದ್ರ ಕೌದಿ ಮ್ಯಾಲ ತಪ್ಪು ಹಾಕೂದು ಸಸಾರ ಇತ್ತು. ಶುಂಠಿ ಮಾತು ನಂಗ ಮತ್ತ ಮಗಳಿಗೆ ಬಿಟ್ರ ಯಾರಿಗೂ ಗೊತ್ತಿರಲಿಲ್ಲ. ಸೂಜಿ ಚುಚ್ಚಿದ್ದು ಚುಚ್ಚಿಧಂಗ ಕೌದಿ ಮಡಚಿ ಟ್ರಂಕಿನ್ಯಾಗ ಇಟ್ಟೆ.

ಅದಾದ ಮ್ಯಾಲ ನಮ್ಮ ಮನ್ಯಾಗ ಆ ವಿಷಯ ಯಾರೂ ತಗೀಲಿಲ್ಲ. ಮಗಳು ಹಬ್ಬಕ್ಕ ಬರತಿದ್ಲು, ಹೋಗತಿದ್ಲು. ಅಕಿ ಮನಸ್ಸಿಗೆ ನೋವಾಗಬಾರದು ಅಂತ ನಾವು ಬಾಯಿ ಕಟಗೊಂಡು ಇದ್ವಿ. ಹಂಗಂತ ನಾ ತಿಳಕೊಂಡಿದ್ದೆ.

ಈ ಸಲ ಮಗಳು ಆರನೇ ತಿಂಗಳಿಗೇ ಬಂದ್ಲು. ಲ್ಯಾಪ್‌ಟಾಪ್ ತಗೊಂಡು ಇಲ್ಲೇ ಕುಂತು ಕೆಲಸ ಮಾಡತಿದ್ಲು. ಮೊದಲಿನದ್ದು ಹಿಂಗ ಆಗಿದ್ದಕ್ಕ ಡಾಕ್ಟರು ಮೂರು ತಿಂಗಳು ತುಂಬಿದ ಕೂಡಲೇ ಒಂದು ಸಣ್ಣ ಗುಳಿಗಿ ಸುರು ಮಾಡಿದ್ರು. ಅದು ಡಾಕ್ಟರು ನೋಡಿ ಕೊಡೂ ಗುಳಿಗಿ, ನೀವು ನೀವ ಅಂಗಡಿಯಿಂದ ತಂದು ನುಂಗೂದಲ್ಲ. ಮನಿಗೆ ಬಿ.ಪಿ. ಮಷೀನ್ ಬಂತು. ಮುಂಜಾನೆ ಒಮ್ಮೆ, ಸಂಜೀಕ ಒಮ್ಮೆ ನಾನ ಪಟ್ಟಿ ಕಟ್ಟಿ, ಹಾಲಿನ ಲೆಕ್ಕದ ವಹೀ ಹಿಂದಿನ ಪಾನಿನ್ಯಾಗ ಬರದು ಇಡತಿದ್ದೆ.

ಒಂದು ದಿನ ಮಧ್ಯಾಹ್ನ ಊಟ ಆಗಿ ಕುಂತಾಗ ನನ್ನ ಉಲ್ಲನ್ ಪರಾಕ್ರಮ ಅಕಿ ಕೈಗೆ ಸಿಕ್ತು. ಬಿಚ್ಚಿ ಬಿಚ್ಚಿ ಆ ಉಲ್ಲನ್ ಶ್ಯಾವಿಗಿ ಆಗಿತ್ತು. ಹೊಟ್ಟಿ ಹಿಡಕೊಂಡು ನಕ್ಲು. ನಕ್ಕು ಮುಗಿಸಿ, ಅದನ್ನ ತೊಡಿ ಮ್ಯಾಲ ಇಟಗೊಂಡು ಕೇಳಿದ್ಲು, "ಅವ್ವಾ, ಆ ಕೌದಿ ಎಲ್ಲೈತಿ?"

"ಯಾವ ಕೌದಿ?" ಅಂದೆ.

"ಅವ್ವಾ" ಅಂದ್ಲು, ಅಷ್ಟ. ಆಮ್ಯಾಲ ಸಣ್ಣ ದನಿಲೆ, "ಒಗದು ಬಿಟ್ಟಿ ಏನು?"

ನಾ ಮಾತಾಡಲಿಲ್ಲ. ಮಣಕಾಲ ಊರಿ ಟ್ರಂಕು ಎಳದೆ. ಕೌದಿ ಬಿಚ್ಚಿ ಹಾಸಿದೆ. ಸೂಜಿ ಅಲ್ಲೇ ಚುಚ್ಚಿಕೊಂಡು ಇತ್ತು, ಜಂಗು ಹಿಡಿದು ಅರಬಿ ಮ್ಯಾಲ ಕಂದು ಕಲಿ ಬಿದ್ದಿತ್ತು. ಮಗಳು ತನ್ನ ಲಂಗದ ತುಂಡು ಹುಡುಕಿದ್ಲು, ಸವರಿದ್ಲು. ಹಂಗ ಕೈ ಆಡಿಸಿಕೋತ ನಡುವ ಬಂದ್ಲು. ಮುಚ್ಚಲಾರದ ಹೊಟ್ಟ್ಯಾಗ ನಾಕು ಬಟ್ಟು ಇಟ್ಟು ಸುಮ್ಮನ ಕುಂತ್ಲು.

"ನೀ ನೋಡಿದ್ದೆಲ್ಲ" ಅಂದ್ಲು. "ಹೆಂಗಿತ್ತು ಅದು?"

ನಾಕು ವರ್ಷ ನಾ ಈ ಪ್ರಶ್ನೆಗೆ ಅಂಜಿಕೋತ ಇದ್ದೆ ಅಂತ ಅವಾಗ ಗೊತ್ತಾತು. ಹೇಳಿದೆ. ಹೆಣ್ಣು ಕೂಸು. ತಲಿ ತುಂಬ ಕೂದಲ, ಕರ್ರಗ, ಹಣಿ ಮ್ಯಾಲ ಅಂಟಿಕೊಂಡಿದ್ದುವು. ಮೂಗು ನಿಮ್ಮಪ್ಪಂದು. ಬಟ್ಟು ಉದ್ದ ಇದ್ದುವು, ನಿನ್ನಂಗ. ಬಿಳೇ ಅರಬ್ಯಾಗ ಸುತ್ತಿದ್ರು. ನಾ ಗಲ್ಲ ಮುಟ್ಟಿದೆ, ಇನ್ನೂ ಸ್ವಲ್ಪ ಬೆಚ್ಚಗಿತ್ತು.

ಅಕಿ ಒಂದೊಂದೂ ಎರಡೆರಡು ಸಲ ಕೇಳಿದ್ಲು. ಕೂದಲ ಎಷ್ಟುದ್ದ ಇದ್ದುವು? ಕಣ್ಣು ಮುಚ್ಚಿತ್ತೇನು? ನಾ ನೆನಪಿದ್ದಷ್ಟು ಹೇಳಿದೆ. ಅಕಿ ಅತ್ಲು, ಆದ್ರ ನಾವೆಲ್ಲಾ ಅಂಜಿದ್ದ ಥರದ ಅಳು ಅದಲ್ಲ.

"ಎಲ್ಲಾರೂ ಎಷ್ಟು ಸುಮ್ಮನಾದ್ರಿ ಅಂದ್ರ" ಅಂದ್ಲು, "ನಾ ಅಡಗಿಮನಿಗೆ ಬಂದ್ರ ಮಾತು ಬದಲಿಸಿ ಕಾಯಿಪಲ್ಯೆ ರೇಟು ಮಾತಾಡತಿದ್ರಿ. ಎಂಟು ತಿಂಗಳು ಹೊತ್ತಿದ್ದು ನಾ ಒಬ್ಬಾಕಿನ ಕನಸು ಕಂಡಿದ್ದೇನೋ ಅನಿಸತಿತ್ತು."

ಆಗ ನಾ ಶುಂಠಿ ಮಾತೂ ತಗದೆ. ಅವತ್ತ ನಾ ದವಾಖಾನಿಗೆ ಹೋಗು ಅನ್ನಬೇಕಾಗಿತ್ತು, ಅನ್ನಲಿಲ್ಲ ಅಂದೆ. ಅಕಿ ಭಾಳ ಹೊತ್ತು ಏನೂ ಅನ್ನಲಿಲ್ಲ. ಗಡಿಯಾರದ ಸಪ್ಪಳ ಕೇಳತಿತ್ತು. ಆಮ್ಯಾಲ, "ಒಂದೊಂದ ಸಲ ನಿನ್ನ ಮ್ಯಾಲ ಭಾಳ ಸಿಟ್ಟು ಬರತಿತ್ತು. ನನ್ನ ಮ್ಯಾಲೂ ಬರತಿತ್ತು, ನಾನರ ಯಾಕ ಡಾಕ್ಟರಿಗೆ ಫೋನ್ ಮಾಡಲಿಲ್ಲ ಅಂತ" ಅಂದ್ಲು. "ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ ಬಿಡು." ಬಿಡು ಅಂದ ಕೂಡಲೇ ಬಿಟ್ಟು ಹೋಗೂ ಮಾತಲ್ಲ ಅದು. ಆದ್ರ ಇಬ್ಬರ ಹೊಟ್ಟ್ಯಾಗಿಂದ ಹೊರಗ ಬಂತು.

ಮರುದಿನದಿಂದ ಇಬ್ಬರೂ ಕೂಡಿ ಕೌದಿಗೆ ಕುಂತ್ವಿ. ಜಂಗಿನ ಕಲಿಗೆ ಲಿಂಬಿಹಣ್ಣು, ಉಪ್ಪು ಹಚ್ಚಿ ಬಿಸಿಲಿಗೆ ಇಟ್ಟೆ, ಮುಕ್ಕಾಲು ಹೋತು. ಉಳಿದದ್ದು ಉಳಿಲಿ ಅಂದ್ಲು ಮಗಳು. ಹಳೇ ದಾರ ಜೀರ್ಣ ಆಗಿದ್ದಲ್ಲಿ ಬಿಚ್ಚಿ ಮತ್ತ ಹೊಲಿದ್ವಿ. ನನ್ನ ಹೊಲಿಗಿ ಅಕ್ಕಿ ಕಾಳು, ಅಕಿದು ಶೇಂಗಾ ಕಾಳು. ಕೌದಿ ನೋಡಿದ್ರ ಯಾವುದು ಯಾರದು ಅಂತ ಗೊತ್ತಾಗತೈತಿ.

ಆ ವಾರನ ಚಿಗವ್ವ ಬಂದ್ಲು. ಕೌದಿ ನೋಡಿ ಬಾಗಲದಾಗ ನಿಂತು ಬಿಟ್ಲು. ನನ್ನ ಎದಿ ಧಸಕ್ ಅಂತು. ಮಗಳು ತಾನ ಅಂದ್ಲು, "ಬಾ ಆಯಿ, ಕುಂಡ್ರು. ಅದು ಕೌದಿಯಿಂದ ಆಗಿದ್ದಲ್ಲ, ಬಿ.ಪಿ.ಯಿಂದ ಆಗಿದ್ದು. ಹೆಣ್ಣು ಕೂಸಿತ್ತು, ತಲಿ ತುಂಬ ಕೂದಲ ಇತ್ತಂತ." ಇಷ್ಟು ಬಿಚ್ಚು ಮಾತು ನಮ್ಮ ಮನ್ಯಾಗ ಯಾರೂ ಆಡಿದ್ದಿಲ್ಲ. ಚಿಗವ್ವ ಕುಂತ್ಲು. ನೀರು ಕುಡದ್ಲು. ಆಮ್ಯಾಲ ನೆಲ ನೋಡಿಕೋತ ಅಂದ್ಲು, "ನಂದೂ ಎರಡು ಹ್ವಾದುವು, ನಿಮ್ಮ ಕಾಕಾ ಹುಟ್ಟೂಕಿಂತ ಮೊದಲ. ಒಂದು ಗಂಡು. ಇನ್ನೊಂದು ಏನಂತ ನಂಗ ಯಾರೂ ಹೇಳಲಿಲ್ಲ."

ಐವತ್ತು ವರ್ಷದಿಂದ ಚಿಗವ್ವನ ನೋಡಿಕೋತ ಬಂದೀನಿ. ಈ ಮಾತು ನಂಗ ಗೊತ್ತಿರಲಿಲ್ರಿ. ಕೌದಿ ಹುಟ್ಟೂಕಿಂತ ಮೊದಲ ಹೊಲೀಬಾರದು ಅಂತ ಅಕಿ ಅಂದಿದ್ದು ನನ್ನ ಚುಚ್ಚಾಕ ಅಲ್ಲ. ಅಕಿಗೂ ಯಾರೋ ಹಂಗ ಅಂದಿರಬೇಕು.

ಮರುದಿನ ಚಿಗವ್ವ ತನ್ನ ಮದಿವಿ ಕಾಲದ ಗುಳೇದಗುಡ್ಡ ಖಣದ ಕುಬಸ ತಂದ್ಲು. "ನಾಕು ಮೂಲಿಗೆ ಹೂವು ಮಾಡ್ರಿ ಇದರಾಗ" ಅಂದ್ಲು. ಖಣ ರೇಷ್ಮಿ ಮಿಶ್ರ, ಕೂಸಿನ ಮೈಗೆ ಬ್ಯಾಡ, ಆದ್ರ ಮೂಲಿಗೆ ಏನೂ ಆಗೂದಿಲ್ಲ. ಗಟ್ಟಿ ಹೊಲಿಬೇಕು ಅಷ್ಟ, ಕೂಸು ಬಾಯಾಗ ಹಾಕ್ಕೊಂಡು ಜಗ್ಗಿದ್ರ ಬರಬಾರದು.

ಕಡೇ ದಿನ ಹೊಟ್ಟಿ ಮುಚ್ಚೂದು ಉಳಿದಿತ್ತು. ನಾ ಡಬ್ಬಿಯಿಂದ ಐದು ಕಾಳು ಅಕ್ಕಿ ತಂದು ಮಗಳ ಕೈಯಾಗ ಇಟ್ಟೆ. "ಹುಳಾ ಹತ್ತೂದಿಲ್ಲೇನು?" ಅಂದ್ಲು. ಐದು ಕಾಳಿಗೆ ಯಾವ ಹುಳಾ ಬರತೈತಿ ಅಂದೆ. ಅಕಿ ಎದ್ದು ಅಡಗಿಮನಿಗೆ ಹೋದ್ಲು. ಮುಠಿಗಿ ಬಿಚ್ಚಿ ಇನ್ನೂ ಐದು ಕಾಳು ಅದರಾಗ ಹಾಕಿದ್ಲು.

"ಐದು ಇದಕ್ಕ, ಐದು ಅಕಿಗೆ" ಅಂದ್ಲು.

ಕಡೇ ತುಂಡು ಅಕಿನ ಮುಚ್ಚಿದ್ಲು. ಶೇಂಗಾ ಕಾಳಿನ ಹೊಲಿಗಿ.

ಸಂಕ್ರಾಂತಿ ಆಗಿ ಹತ್ತು ದಿನಕ್ಕ, ಬಿ.ಪಿ. ಸ್ವಲ್ಪ ಏರಾಕತ್ತೈತಿ, ಇನ್ನ ಕಾಯೂದು ಬ್ಯಾಡ ಅಂತ ಡಾಕ್ಟರು 37 ವಾರಕ್ಕ ಹಡಿಸಿದ್ರು. ಹೆಣ್ಣು ಕೂಸು, 2 ಕಿಲೋ 600 ಗ್ರಾಂ. ಓಣಿಗೆ ಕೇಳೂವಂಗ ಅತ್ಲು. ಈ ಕೂಸಿನ ತಲ್ಯಾಗ ಕೂದಲ ಇಲ್ಲ, ಲಿಂಬಿಹಣ್ಣಿನಂಗ ನುಣ್ಣಗ ಐತಿ.

ಒಂದು ಮಾತು ಮರೀಬ್ಯಾಡ್ರಿ, ಇದನ್ನ ಕೂಸಿನ ಡಾಕ್ಟರು ಬಿಡಿಸಿ ಹೇಳಿದ್ರು. ವರ್ಷ ತುಂಬೂ ತನಕ ಮಲಗಿದ ಕೂಸಿನ ಮ್ಯಾಲ ಕೌದಿ ಹೊದಿಸೂದು ಬ್ಯಾಡ. ಕೂಸಿನ ಹತ್ರ ದಿಂಬು, ಸಡಲ ಹೊದಿಕಿ ಇರಬಾರದು, ಮಾರಿ ಮ್ಯಾಲ ಬಂದು ಉಸರು ಕಟ್ಟತೈತಿ. ಬೆನ್ನ ಮ್ಯಾಲ ಅಂಗಾತ ಮಲಗಸ್ರಿ. ಇದು ಉಲ್ಲನ್ ಹೊದಿಕಿಗೂ ಅಷ್ಟ. "ಹಂಗಾದ್ರ ಕೌದಿ ಯಾತಕ್ಕ ಹೊಲಿದೆ?" ಅಂತ ಮೊದಲ ನಂಗ ಮಾರಿ ಸಪ್ಪಗಾತು. ಡಾಕ್ಟರು ನಕ್ಕು, "ಎಚ್ಚರ ಇದ್ದಾಗ ನೆಲಕ್ಕ ಹಾಸ್ರಿ, ನಿಮ್ಮ ಕಣ್ಣ ಮುಂದ ಬೋರಲ ಹಾಕಿ ಆಡಸ್ರಿ" ಅಂದ್ರು. ಈಗ ದಿನಾ ಮುಂಜಾನೆ ಎಣ್ಣಿ ನೀರು ಆದ ಮ್ಯಾಲ ಅದ ಅಕಿ ಅಂಗಳ. ಕತ್ತು ಎತ್ತಿ ಎತ್ತಿ ತನ್ನವ್ವನ ಲಂಗದ ಹೂವು ನೋಡತಾಳ. ವಾರಕ್ಕ ಮೂರು ಸಲ ಒದ್ದಿ ಮಾಡತಾಳ. ತಣ್ಣೀರಾಗ ಒಗದು, ಹಿಂಡದ, ಹಗ್ಗಕ್ಕ ಅಡ್ಡ ಹಾಕಿ ಬಿಸಿಲಿಗೆ ಒಣಗಸಬೇಕು. ನೀವು ಹೋದ ವಾರ ನೋಡಿದ್ದು ಅದನ್ನ.

ಅರಿಷಿಣ ಉಲ್ಲನ್ ಏನಾತು ಅಂತ ಕೇಳಬ್ಯಾಡ್ರಿ. ವೈನಿ ಪಾಪ, ಅದರಾಗ ಒಂದು ಟೋಪಿಗಿ, ಎರಡು ಕಾಲಚೀಲ ಹೆಣದು ಕೊಟ್ರು. ಉಳಿದ ಉಂಡಿ ನಮ್ಮ ಮನಿ ಬೆಕ್ಕಿಗೆ.

ತಂಗಿ, ನೀ ಕೇಳಿದ್ದಿ ಅಂತ ಎಲ್ಲಾ ಬರದೀನಿ. ಅವ್ವನ ಇಳಕಲ್ ಸೀರಿ ಒಡಲು ಇನ್ನೂ ಎರಡು ಗಜ ಉಳದೈತಿ, ತಗೊಂಡು ಹೋಗು. ಆದ್ರ ಅರಬಿ ಹರಿಯೂಕಿಂತ ಮೊದಲ ಸೊಸಿನ್ನ ಕೇಳು, ಈ ತಿಂಗಳ ಬಿ.ಪಿ. ನೋಡಿಸ್ಯಾಳೇನು ಅಂತ. ತಲಿನೋವು ಅಂದ್ರ ಶುಂಠಿ ತೇಯಾಕ ಕುಂಡ್ರಬ್ಯಾಡ.